ನಡುಗುವ ಅಂಗೈಯಲ್ಲಿ ಇಷ್ಟಲಿಂಗ

ಪ್ರಶ್ನೆ: ನನಗೀಗ 76 ವರ್ಷ. ರಾಣೆಬೆನ್ನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತನಾದೆ. ಈಗ ದಾವಣಗೆರೆಯಲ್ಲಿ ಮಗ, ಸೊಸೆ, ಮೊಮ್ಮಗನ ಜೊತೆಗಿದ್ದೇನೆ. ಬಾಲ್ಯದಲ್ಲಿ ಲಿಂಗದೀಕ್ಷೆಯಾದ ಮೇಲೆ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕಿದವನಲ್ಲ. ಹೆಂಡತಿ ಲಿಂಗೈಕ್ಯಳಾಗಿ ಒಂದೂವರೆ ವರ್ಷವಾಯಿತು. ಪತ್ರೆ, ಹೂವು, ನೀರು, ವಿಭೂತಿ ಎಲ್ಲವನ್ನೂ ಆಕೆಯೇ ಅಣಿಮಾಡಿ ಇಡುತ್ತಿದ್ದಳು. ಎರಡು ವರ್ಷಗಳಿಂದ ನನ್ನ ಕೈ ನಡುಗುತ್ತಿದೆ. ನಾಲ್ಕು ತಿಂಗಳ ಹಿಂದೆ ಪೂಜೆಯ ಹೊತ್ತಿನಲ್ಲಿ ಲಿಂಗ ಕರಸ್ಥಲದಿಂದ ಜಾರಿ ಮಣೆಯ ಮೇಲೆ ಬಿತ್ತು. ಲಿಂಗಕ್ಕೆ ಏನೂ ಆಗಲಿಲ್ಲ, ಆದರೆ ನನ್ನೊಳಗೆ ಏನೋ ಮುರಿಯಿತು. ಅಂದಿನಿಂದ ಲಿಂಗವಿರುವ ಕರಡಿಗೆ ಕೊರಳಲ್ಲಿದೆ, ತೆರೆದಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಊಟ ರುಚಿಸದು. ಮಠದ ಶಿವಾನುಭವ ಗೋಷ್ಠಿಗೆ ಹೋದರೆ ಮಾತು ಕೇಳಿಸುವುದಿಲ್ಲ. ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಸೊಸೆ ಒಳ್ಳೆಯವಳು, ಆದರೆ ಅವಳಿಗೆ ತೊಂದರೆ ಕೊಡಲು ಮನಸ್ಸಿಲ್ಲ. ‘ನೆರೆ ಕೆನ್ನೆಗೆ ತೆರೆ ಗಲ್ಲಕೆ’ ಎಂಬ ಬಸವಣ್ಣನವರ ವಚನವನ್ನು ವರ್ಷವರ್ಷವೂ ಮಕ್ಕಳಿಗೆ ಕಲಿಸಿದವನು ನಾನು. ಅನ್ಯರಿಗೆ ಹಂಗಾಗುವ ಮುನ್ನ ಪೂಜಿಸು ಎಂದರು ಅಣ್ಣನವರು. ಆ ‘ಮುನ್ನ’ ನನ್ನ ಪಾಲಿಗೆ ಕಳೆದುಹೋಯಿತೇ? ಉಳಿದ ದಿನಗಳನ್ನು ನಂಬಿಕೆಯಿಂದ, ಸಂತೋಷದಿಂದ ಕಳೆಯಲು ಇನ್ನು ದಾರಿಯಿದೆಯೇ?

ಉತ್ತರ: ಪೂಜ್ಯ ಹಿರಿಯರೇ, ತಮ್ಮ ಪತ್ರದಲ್ಲಿರುವ ಮಾತನ್ನು ಎಷ್ಟು ಗಮನವಿಟ್ಟು ಓದಿದೆನೋ ಅದರ ಅಕ್ಷರಗಳನ್ನೂ ಅಷ್ಟೇ ಗಮನವಿಟ್ಟು ನೋಡಿದೆ. ವೃದ್ಧರ ಚಿಕಿತ್ಸೆಯಲ್ಲೇ ವೃತ್ತಿಜೀವನವನ್ನು ಕಳೆದವನಾದ್ದರಿಂದ ಕೈಬರಹ ಕಂಡರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ನಡುಕವಿರುವವರ ಕೈಯಲ್ಲಿ ನಾವು ಹಾಳೆಯ ಮೇಲೆ ಒಂದು ಸುರುಳಿ ಬರೆಸಿ ನೋಡುವ ಪದ್ಧತಿಯಿದೆ; ಕನ್ನಡದಲ್ಲಿ ಬರೆದ ಪತ್ರವಿದ್ದರೆ ಆ ಪರೀಕ್ಷೆಯ ಅರ್ಧ ಕೆಲಸ ಮುಗಿದಂತೆಯೇ, ಏಕೆಂದರೆ ನಮ್ಮ ಅಕ್ಷರಗಳೇ ಸುರುಳಿಗಳು. ತಮ್ಮ ಪತ್ರದ ‘ಠ’ ಮತ್ತು ‘ರ’ಗಳ ಅಂಚು ಗರಗಸದ ಹಲ್ಲಿನಂತೆ ಅಲುಗಿದೆ, ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಸರಿದಿವೆ, ಆದರೆ ಸಾಲಿನ ಮೊದಲ ಅಕ್ಷರ ಎಷ್ಟು ದೊಡ್ಡದಿದೆಯೋ ಕೊನೆಯ ಅಕ್ಷರವೂ ಅಷ್ಟೇ ದೊಡ್ಡದಿದೆ. ಪಾರ್ಕಿನ್ಸನ್ ಕಾಯಿಲೆಯವರ ಬರಹ ಸಾಮಾನ್ಯವಾಗಿ ಸಾಲು ಮುಂದುವರಿದಂತೆ ಕಿರಿದಾಗುತ್ತ ಹೋಗುತ್ತದೆ, ಅವರ ಕೈ ತೊಡೆಯ ಮೇಲೆ ಸುಮ್ಮನಿರುವಾಗಲೇ ಹೆಚ್ಚು ನಡುಗುತ್ತದೆ. ಕೈಯನ್ನು ಎತ್ತಿ ಹಿಡಿದಾಗ, ಲೋಟವನ್ನು ತುಟಿಗೆ ಒಯ್ಯುವಾಗ, ಸಹಿ ಹಾಕುವಾಗ ಹೆಚ್ಚುವ ನಡುಕ ಬೇರೆಯದು. ಅದನ್ನು ಎಸೆನ್ಶಿಯಲ್ ಟ್ರೆಮರ್ ಎನ್ನುತ್ತೇವೆ. ವಯಸ್ಸಾದವರಲ್ಲಿ ಬಹಳ ಸಾಮಾನ್ಯ, ಅನೇಕ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಪತ್ರ ನೋಡಿ ರೋಗ ನಿರ್ಧರಿಸುವುದು ಸಲ್ಲದು, ನರರೋಗ ತಜ್ಞರು ಒಮ್ಮೆ ಕೈಹಿಡಿದು ನೋಡಲೇಬೇಕು. ಆದರೂ ನನ್ನ ಊಹೆ ಈ ಎರಡನೆಯದರ ಕಡೆಗೇ ವಾಲುತ್ತದೆ.

ಈ ಊಹೆ ಸರಿಯಾಗಿದ್ದರೆ ತಮ್ಮ ಅಂಗೈ ನಡುಗಿದ್ದಕ್ಕೆ ಕಾರಣ ಅದನ್ನು ಎದೆಯ ಮಟ್ಟಕ್ಕೆ ಎತ್ತಿ, ಆಧಾರವಿಲ್ಲದೆ, ಬಹಳ ಹೊತ್ತು ಹಿಡಿದದ್ದು. ಇಂಥ ನಡುಕಕ್ಕೆ ಆಧಾರ ಕೊಟ್ಟರೆ ಬಹುಮಟ್ಟಿಗೆ ತಗ್ಗುತ್ತದೆ. ಕೈಗಳಿರುವ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಗಟ್ಟಿಯಾದ ದಿಂಬನ್ನಿಟ್ಟು, ಮೊಣಕೈಯಿಂದ ಮಣಿಕಟ್ಟಿನವರೆಗೆ ಎಡಗೈಯನ್ನು ಪೂರ್ತಿಯಾಗಿ ಅದರ ಮೇಲೆ ಒರಗಿಸಿ, ಅಂಗೈಯಲ್ಲಿ ಲಿಂಗವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಲಿಂಗ ಜಾರುವ ಸಂಭವ ಬಹಳ ಕಡಿಮೆ. ಜಪದ ಹೊತ್ತಿನಲ್ಲಿ ಬಲಗೈಯನ್ನು ಎಡಗೈಯ ಕೆಳಗೆ ಆಸರೆಯಾಗಿ ಕೊಡಬಹುದು. ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತರೇ ಪೂಜೆ ಎಂಬ ಭಾವನೆ ತಮಗಿದ್ದರೆ, ಹಾಗೂ ಕುರ್ಚಿ, ದಿಂಬುಗಳ ಬಗ್ಗೆ ಮನಸ್ಸಿನಲ್ಲಿ ಅಳುಕಿದ್ದರೆ, ದಯವಿಟ್ಟು ತಮ್ಮ ಮಠದ ಸ್ವಾಮಿಗಳನ್ನು ನೇರವಾಗಿ ಕೇಳಿ. ಲಿಂಗ ಜಾರಿದ ಸಂಗತಿಯನ್ನೂ ಅವರಿಗೆ ಹೇಳಿ. ವಿಧಿಯ ಮಾತನ್ನು ಹೇಳುವ ಅಧಿಕಾರ ಅವರದು, ನನ್ನದಲ್ಲ. ನಾಲ್ಕು ತಿಂಗಳಿಂದ ತಾವು ಒಬ್ಬರೇ ಹೊತ್ತುಕೊಂಡಿರುವ ಈ ಪ್ರಶ್ನೆಗೆ ಅವರಿಂದ ಒಂದು ಸ್ಪಷ್ಟ ಮಾತು ಸಿಕ್ಕರೆ ಅದು ನನ್ನ ಯಾವ ಗುಳಿಗೆಗಿಂತಲೂ ಮೊದಲು ಕೆಲಸ ಮಾಡೀತು.

ಇನ್ನೊಂದು ವಿಷಯವನ್ನು ತಾವು ಎರಡು ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿದ್ದೀರಿ, ಅವೆರಡನ್ನೂ ಜೋಡಿಸಿ ನೋಡಬೇಕು. ಪೂಜೆಯಾಗದೆ ಹನಿ ನೀರೂ ಇಲ್ಲ ಎಂಬುದು ಒಂದು. ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ ಎಂಬುದು ಇನ್ನೊಂದು. ರಾತ್ರಿ ಎಂಟಕ್ಕೆ ಉಂಡವರು ಮೂರಕ್ಕೆ ಎದ್ದು, ಸ್ನಾನ ಮುಗಿಸಿ, ಏಳೂವರೆಯವರೆಗೆ ಪೂಜೆಯಲ್ಲಿ ಕುಳಿತರೆ ಹೊಟ್ಟೆ ಹನ್ನೊಂದು ಗಂಟೆಗೂ ಹೆಚ್ಚು ಕಾಲ ಬರಿದಾಗಿರುತ್ತದೆ. ಅದರ ಮೇಲೆ ಸಕ್ಕರೆಯ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಪೂಜೆಗೆ ಮುಂಚೆ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಮತ್ತು ಸಕ್ಕರೆ ಇಳಿದಾಗ ಮೊದಲು ಕಾಣಿಸಿಕೊಳ್ಳುವ ಲಕ್ಷಣಗಳಲ್ಲಿ ಕೈನಡುಕ, ಬೆವರು, ಎದೆಬಡಿತ ಮುಖ್ಯವಾದವು. ಲಿಂಗ ಜಾರಿದ ದಿನ ತಮ್ಮ ಸಕ್ಕರೆ ಎಷ್ಟಿತ್ತೋ ಯಾರಿಗೆ ಗೊತ್ತು? ಪೂಜೆ ಮತ್ತೆ ಆರಂಭಿಸಿದಾಗ ಒಂದು ವಾರ ಕೂರುವ ಮುನ್ನ ಮತ್ತು ಎದ್ದ ಮೇಲೆ ಮನೆಯಲ್ಲೇ ಸಕ್ಕರೆ ಪರೀಕ್ಷಿಸಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಗುಳಿಗೆಯ ಹೊತ್ತನ್ನು ಬದಲಿಸಿಕೊಡುವಂತೆ ಕೇಳಿ. ನಡುಕಕ್ಕೆ ಸಾಮಾನ್ಯವಾಗಿ ಕೊಡುವ ಪ್ರೊಪ್ರನೊಲಾಲ್ ಎಂಬ ಔಷಧ ಸಕ್ಕರೆ ಇಳಿದಾಗಿನ ಎಚ್ಚರಿಕೆಯ ಲಕ್ಷಣಗಳನ್ನು ಮರೆಮಾಡಬಲ್ಲದು, ಉಬ್ಬಸವಿದ್ದವರಿಗೆ ಅದು ಆಗದು. ಆದ್ದರಿಂದ ಪರಿಚಯದ ಔಷಧಿ ಅಂಗಡಿಯಲ್ಲಿ ಕೇಳಿ ತರಿಸಿಕೊಳ್ಳುವ ಮಾತೇ ಬೇಡ. ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆಯೂ ಆಗಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗುವುದುಂಟು, ಅದು ಕಡಿಮೆಯಾದರೆ ನರಗಳು ಮಾತ್ರವಲ್ಲ, ಮನಸ್ಸೂ ಕುಗ್ಗುತ್ತದೆ.

ಈಗ ಮನಸ್ಸಿನ ಮಾತಿಗೆ ಬರುತ್ತೇನೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಊಟ ರುಚಿಸದಿರುವುದು, ಮೊದಲು ಮನಸ್ಸು ತುಂಬುತ್ತಿದ್ದ ಕೆಲಸದಿಂದ ದೂರ ಸರಿದಿರುವುದು, ನಾನು ಇತರರಿಗೆ ಭಾರ ಎಂಬ ಅನಿಸಿಕೆ: ಇವನ್ನು ತಾವು ನಂಬಿಕೆಯ ಕೊರತೆ ಎಂದು ತಿಳಿದಿದ್ದೀರಿ. ನನ್ನ ಕಣ್ಣಿಗೆ ಇವು ಖಿನ್ನತೆಯ ಲಕ್ಷಣಗಳಾಗಿ ಕಾಣುತ್ತವೆ. ಇಂಥ ಲಕ್ಷಣಗಳು ದಿನದ ಬಹುಪಾಲು ಹೊತ್ತು, ಎರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ಚಿಕಿತ್ಸೆಯ ವಿಚಾರ ಮಾಡಬೇಕೆಂಬುದು ನಮ್ಮ ಶಾಸ್ತ್ರದ ಕ್ರಮ. ತಮಗೆ ನಾಲ್ಕು ತಿಂಗಳಾಗಿದೆ. ವಯಸ್ಸಾದವರಲ್ಲಿ ಖಿನ್ನತೆ ಅಳುವಾಗಿ ಬರುವುದು ಕಡಿಮೆ. ಮೈಕೈ ನೋವಾಗಿ, ನಿದ್ದೆಗೇಡಾಗಿ, ಮೌನವಾಗಿ ಬರುತ್ತದೆ, ಮತ್ತು ಭಕ್ತಿವಂತರಲ್ಲಿ ಪೂಜೆ ಬೇಡವೆನ್ನಿಸುವ ರೂಪದಲ್ಲಿ ಬರುತ್ತದೆ. ಮನೆಯವರು ‘ವಯಸ್ಸಾಯಿತು, ಹೀಗೇ’ ಎನ್ನುತ್ತಾರೆ, ಸ್ವತಃ ರೋಗಿ ‘ನನ್ನ ಭಕ್ತಿಯೇ ಪೊಳ್ಳು’ ಎನ್ನುತ್ತಾರೆ. ಇಬ್ಬರೂ ರೋಗವನ್ನು ರೋಗವೆಂದು ಕರೆಯುವುದಿಲ್ಲ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿಯೇ ಮನೋವೈದ್ಯರನ್ನು ಕಾಣಬಹುದು. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಇಂದು ದೇಶದಾದ್ಯಂತ ಜಿಲ್ಲೆಗಳಲ್ಲಿರುವ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ. ಅದು ನಮ್ಮ ನೆಲದಲ್ಲೇ ಹುಟ್ಟಿದ ಸೌಕರ್ಯ, ಬಳಸಿಕೊಳ್ಳಲು ಸಂಕೋಚ ಬೇಡ. ಮೂರು ಗಂಟೆಯ ಕತ್ತಲಲ್ಲಿ ಯಾರೊಡನೆಯಾದರೂ ಮಾತನಾಡಬೇಕೆನ್ನಿಸಿದರೆ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಲಿಂಗ ಜಾರಿದ್ದನ್ನು ತಾವು ಶಿಕ್ಷೆಯೆಂದೋ ಅಪಶಕುನವೆಂದೋ ನೇರವಾಗಿ ಬರೆದಿಲ್ಲ. ಆದರೆ ಕರಡಿಗೆ ತೆರೆಯದಿರುವುದೇ ಅದನ್ನು ಹೇಳುತ್ತಿದೆ. ಈ ಭಾವನೆಯನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಅವರ ಸಹೋದ್ಯೋಗಿಗಳು ಆಸ್ಪತ್ರೆಗೆ ದಾಖಲಾಗಿದ್ದ ಸುಮಾರು 600 ಹಿರಿಯರನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೇವರು ನನ್ನನ್ನು ಕೈಬಿಟ್ಟಿದ್ದಾನೆ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂಬ ಬಗೆಯ ತೊಳಲಾಟದಲ್ಲಿದ್ದವರ ಗತಿ ಉಳಿದವರಿಗಿಂತ ಕೆಟ್ಟದಾಗಿತ್ತು ಎಂಬುದು ಅದರ ಸಾರ. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಂಬಿಕೆಯಿರುವವರಿಗೆ ವೃದ್ಧಾಪ್ಯ ತಾನಾಗಿ ಹಗುರವಾಗುತ್ತದೆ ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ, ಅದು ಅರ್ಧಸತ್ಯ. ನಂಬಿಕೆಯೊಳಗೆ ಗಾಯವಾದರೆ ಅದು ನಂಬದವರ ನೋವಿಗಿಂತ ಆಳಕ್ಕೆ ಇಳಿಯುತ್ತದೆ. ಆದ್ದರಿಂದಲೇ ಮನೋವೈದ್ಯರ ಬಳಿಯೂ ಗುರುಗಳ ಬಳಿಯೂ ಹೋಗಬೇಕೆಂದು ಒತ್ತಾಯಿಸುತ್ತಿದ್ದೇನೆ. ಒಬ್ಬರ ಬಳಿ ಹೋಗಿ ಇನ್ನೊಬ್ಬರನ್ನು ಬಿಡುವ ವಿಷಯ ಇದಲ್ಲ.

ತಾವು ಎತ್ತಿದ ವಚನದ ಬಗ್ಗೆ ತಮಗೆ ಹೇಳಲು ಹೋಗುವುದು ನನ್ನಂಥವನಿಗೆ ತಕ್ಕುದಲ್ಲ, ಆದರೂ ಕೇಳಿದ್ದೀರಿ, ಹೇಳುತ್ತೇನೆ. ಕೆನ್ನೆಗೆ ನೆರೆ ಬರುವ ಮುನ್ನ, ಗಲ್ಲಕ್ಕೆ ಸುಕ್ಕು ಬೀಳುವ ಮುನ್ನ, ಬೆನ್ನು ಬಾಗುವ ಮುನ್ನ, ಕೋಲು ಹಿಡಿಯುವ ಮುನ್ನ ಪೂಜಿಸು ಎಂಬುದು ಇನ್ನೂ ಕೋಲು ಹಿಡಿಯದವನಿಗೆ, ನಾಳೆ ಮಾಡೋಣ ಎಂದು ಮುಂದೂಡುವವನಿಗೆ ಹೇಳಿದ ಮಾತು. ತಮ್ಮ ತರಗತಿಯಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಹದಿನೈದರ ಹುಡುಗರಿಗೆ ಅದು ನೇರವಾಗಿ ಸಲ್ಲುತ್ತಿತ್ತು. ಬಾಲ್ಯದಿಂದ ಒಂದು ದಿನವೂ ಬಿಡದೆ ಪೂಜಿಸಿದ ತಾವು ಆ ‘ಮುನ್ನ’ವನ್ನು ಪೂರ್ತಿಯಾಗಿ ನಡೆಸಿಕೊಟ್ಟವರು. ಅಣ್ಣನವರು ಕೇಳಿದ್ದನ್ನು ಅವರು ಕೇಳಿದ ಹೊತ್ತಿಗೇ ಕೊಟ್ಟಾಗಿದೆ. ಮುಪ್ಪು ಬಂದ ಮೇಲೆ ಪೂಜಿಸಬೇಡ, ಅದು ಸಲ್ಲದು ಎಂಬ ಮಾತು ಆ ವಚನದ ಯಾವ ಸಾಲಿನಲ್ಲೂ ಇಲ್ಲ. ಅದನ್ನು ಅದರೊಳಗೆ ಓದುತ್ತಿರುವುದು ತಮ್ಮ ಮೂರು ಗಂಟೆಯ ಮನಸ್ಸು.

ಆ ವಚನದಲ್ಲಿ ತಮ್ಮನ್ನು ನಿಜವಾಗಿ ಚುಚ್ಚುತ್ತಿರುವ ಪದ ‘ಮುನ್ನ’ ಅಲ್ಲ, ‘ಹಂಗು’ ಎಂದು ನನಗೆ ತೋರುತ್ತದೆ. ಸೊಸೆಗೆ ತೊಂದರೆ ಕೊಡಲಾರೆ ಎಂದು ಬರೆದಿದ್ದೀರಿ. ಅದೇ ಪತ್ರದಲ್ಲಿ, ಅದಕ್ಕಿಂತ ಮೊದಲೇ, ಪತ್ರೆಯನ್ನೂ ಹೂವನ್ನೂ ನೀರನ್ನೂ ತಮ್ಮ ಮನೆಯವರು ಅಣಿಮಾಡಿ ಇಡುತ್ತಿದ್ದರು ಎಂದೂ ಬರೆದಿದ್ದೀರಿ. ಬಿಲ್ವದ ಪತ್ರೆಯನ್ನು ಆಯ್ದು, ತೂತು ಬಿದ್ದದ್ದನ್ನು ಬದಿಗಿಟ್ಟು, ತೊಳೆದು ಬಟ್ಟಲಲ್ಲಿ ಇಡುವುದು ದಿನವೂ ಕಾಲು ಗಂಟೆಯ ಕೆಲಸವಾದರೂ ಆಗಿದ್ದೀತು. ಅಷ್ಟು ವರ್ಷಗಳ ತಮ್ಮ ಪೂಜೆಯಲ್ಲಿ ಇನ್ನೊಬ್ಬರ ಎರಡು ಕೈಗಳಿದ್ದವು. ಆಗ ಅದು ಹಂಗಿನ ಪೂಜೆಯಾಗಿತ್ತೇ? ಆಕೆ ಹೋದ ಮೇಲೆ ಆ ಕೆಲಸವೂ ತಮ್ಮ ನಡುಗುವ ಕೈಗೇ ಬಂತು. ನೀರು ತುಂಬಿದ ಚೆಂಬನ್ನು ಎತ್ತಿ, ಪತ್ರೆ ಆಯ್ದು ದಣಿದ ಕೈಯಲ್ಲಿ ತಾವು ಲಿಂಗವನ್ನು ಹಿಡಿದಿರಿ, ಮತ್ತು ಆ ಕೈಯಿಂದ ಅದು ಜಾರಿತು. ಕಳೆದುಕೊಂಡದ್ದು ಭಕ್ತಿಯಲ್ಲ ಎಂದೇ ನನ್ನ ನಂಬಿಕೆ. ಪೂಜೆಯ ಅರ್ಧ ಭಾಗವನ್ನು ನಡೆಸುತ್ತಿದ್ದವರನ್ನು ಕಳೆದುಕೊಂಡಿರಿ, ಆ ಅರ್ಧವನ್ನು ಬೇರೆ ಯಾರಿಗೂ ಕೊಡದೆ ಉಳಿಸಿಕೊಂಡಿರಿ.

ಇನ್ನೊಬ್ಬರ ಕೈಯಿಂದ ಪಡೆಯುವುದಕ್ಕೆ ತಮ್ಮ ಪರಂಪರೆಯೇ ಒಂದು ಹೆಸರನ್ನು ಇಟ್ಟಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ, ಅಂದರೆ ಸಾಧನೆಯ ಆರು ಮೆಟ್ಟಿಲುಗಳಲ್ಲಿ, ಮೂರನೆಯದು ಪ್ರಸಾದಿಸ್ಥಲ. ಬಂದದ್ದನ್ನೆಲ್ಲ ಪ್ರಸಾದವೆಂದು ಸ್ವೀಕರಿಸುವವನ ನೆಲೆ ಅದು. ದಾಸೋಹದ ಬಗ್ಗೆ ಮಾತನಾಡುವಾಗ ನಾವು ಕೊಡುವ ಕೈಯನ್ನಷ್ಟೇ ನೆನೆಯುತ್ತೇವೆ, ತೆಗೆದುಕೊಳ್ಳುವವನು ಕುಗ್ಗದೆ ತೆಗೆದುಕೊಂಡಾಗಲೇ ಅದು ದಾಸೋಹವಾಗುತ್ತದೆ ಎಂಬುದನ್ನು ಮರೆಯುತ್ತೇವೆ. ಸಾಲವೆಂದು ತಿಳಿದು ತೆಗೆದುಕೊಂಡದ್ದು ಹಂಗು. ಅದನ್ನೇ ಪ್ರಸಾದವೆಂದು ತೆಗೆದುಕೊಳ್ಳುವುದು ಸುಲಭವಲ್ಲ, ಕೈಗೆ ಬಲವಿದ್ದಷ್ಟು ದಿನ ಅದನ್ನು ಕಲಿಯುವ ಅಗತ್ಯವೂ ಬೀಳುವುದಿಲ್ಲ. ಭಕ್ತನನ್ನು ಕಾಯುವ ಅಷ್ಟಾವರಣಗಳನ್ನು ನೆನಪಿಸಿಕೊಳ್ಳಿ: ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಈ ಎಂಟರಲ್ಲಿ ಅಂಗೈಯ ಬಲವನ್ನು ಬೇಡುವುದು ಒಂದೇ, ಉಳಿದ ಏಳೂ ನಡುಗುವ ಕೈಗೆ ಇಂದೂ ತೆರೆದೇ ಇವೆ. ಕರಡಿಗೆ ಮುಚ್ಚಿದ ನಾಲ್ಕು ತಿಂಗಳಲ್ಲಿ ಅವುಗಳನ್ನೂ ತಾವು ಮುಚ್ಚಿಬಿಟ್ಟಿರಬಹುದೇ ಎಂಬುದು ನನ್ನ ಆತಂಕ.

ನನ್ನ ತಂದೆಯವರ ವಿಷಯವನ್ನು ಇಲ್ಲಿ ಹೇಳಬೇಕೆನ್ನಿಸುತ್ತದೆ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ ಅವರು ಒಂದು ತಿಂಗಳು ಬರಿಹಣೆಯಲ್ಲೇ ಇದ್ದರು. ವೈದ್ಯನಾದ ನಾನು ರಕ್ತದೊತ್ತಡ ನೋಡುತ್ತಿದ್ದೆನೇ ಹೊರತು ಹಣೆ ನೋಡಲಿಲ್ಲ. ನೋಡಿದವಳು ಆರು ವರ್ಷದ ನನ್ನ ಮಗಳು. ಒಂದು ಬೆಳಿಗ್ಗೆ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಪುಟ್ಟ ಬೆರಳುಗಳನ್ನು ಅದ್ದಿ, ಮಂಚದ ಮೇಲೆ ಹತ್ತಿ ಕುಳಿತು ಅಜ್ಜನ ಹಣೆಗೆ ಪಟ್ಟಿ ಎಳೆದಳು. ಮೂರು ಗೆರೆಗಳಲ್ಲಿ ಒಂದು ಹುಬ್ಬಿನವರೆಗೆ ಇಳಿದಿತ್ತು, ಇನ್ನೊಂದು ಅರ್ಧಕ್ಕೇ ನಿಂತಿತ್ತು. ವಿಭೂತಿಯ ಗೆರೆ ಕೂದಲೆಳೆಯಷ್ಟು ವಾಲಿದರೂ ಒರೆಸಿ ಮತ್ತೆ ಹಚ್ಚಿಕೊಳ್ಳುತ್ತಿದ್ದ ಮನುಷ್ಯ ಕನ್ನಡಿಯಲ್ಲಿ ಅದನ್ನು ನೋಡಿದರು, ನೋಡಿ ಹಾಗೇ ಬಿಟ್ಟರು. ಬಂದವರಿಗೆಲ್ಲ ಆ ಹಣೆಯನ್ನೇ ತೋರಿಸಿದರು. ಅವರು ಮತ್ತೆ ಮೂರು ವರ್ಷ ಬದುಕಿದ್ದರು, ಪಟ್ಟಿ ಎಂದೂ ನೆಟ್ಟಗಾಗಲಿಲ್ಲ.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ತಾವು ಕಂಡಿರಬಹುದು. 1907ರ ಏಪ್ರಿಲ್ 1ರಂದು ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದರು. 111 ವರ್ಷಗಳ ಬಾಳು. ಅವರ ಕೊನೆಯ ವರ್ಷಗಳ ಚಿತ್ರಗಳಲ್ಲಿ ಎರಡು ಬದಿಯಿಂದ ಶಿಷ್ಯರು ತೋಳು ಹಿಡಿದು ನಡೆಸುತ್ತಿರುತ್ತಾರೆ, ಬೆನ್ನು ಪೂರ್ತಿ ಬಾಗಿರುತ್ತದೆ. ಇಂಥ ಹಿರಿಯರ ಹೆಸರನ್ನು ಹೇಳುವಾಗ ನನಗೆ ಒಂದು ಅಳುಕಿರುತ್ತದೆ, ಏಕೆಂದರೆ ಅವರ ಆಯುಸ್ಸು, ಚೈತನ್ಯಗಳನ್ನು ಅಳತೆಗೋಲಾಗಿ ಹಿಡಿದು ನಮ್ಮ ಮನೆಯ ಹಿರಿಯರನ್ನು ಸಣ್ಣವರನ್ನಾಗಿ ಮಾಡುವ ಅಭ್ಯಾಸ ಸಮಾಜಕ್ಕಿದೆ. ಆಯುಸ್ಸಿಗಾಗಿ ನಾನು ಅವರನ್ನು ಇಲ್ಲಿ ನೆನೆಯುತ್ತಿಲ್ಲ, ಆ ತೋಳುಗಳಿಗಾಗಿ ನೆನೆಯುತ್ತಿದ್ದೇನೆ. ಲಕ್ಷಾಂತರ ಮಕ್ಕಳ ಅನ್ನ ಮತ್ತು ಅಕ್ಷರಕ್ಕೆ ಆಸರೆಯಾದವರು ಇತರರ ತೋಳಿನ ಆಸರೆಯಲ್ಲಿ ನಡೆದರು, ಅದರಿಂದ ಅವರ ಗೌರವ ಕಡಿಮೆಯಾಯಿತೆಂದು ಯಾರಿಗೂ ಅನಿಸಲಿಲ್ಲ.

ಸಂತೋಷದ ಬಗ್ಗೆ ಕೇಳಿದ್ದೀರಿ. ಅದಕ್ಕೆ ನನ್ನ ಮೊದಲ ಸಲಹೆ ಬಹಳ ಲೌಕಿಕವಾದದ್ದು: ಕಿವಿ ತೋರಿಸಿ. ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ ಎಂದು ಬರೆದಿರಿ. ಇಡೀ ಪತ್ರದಲ್ಲಿ ನನ್ನ ಎದೆಗೆ ಹೆಚ್ಚು ತಾಗಿದ ವಾಕ್ಯ ಅದು. ಕೇಳಿಸದವರು ಜನರ ನಡುವೆ ಇದ್ದೂ ಒಂಟಿಯಾಗುತ್ತಾರೆ, ಆಮೇಲೆ ಆ ನಡುವೆ ಹೋಗುವುದನ್ನೇ ಬಿಡುತ್ತಾರೆ. ಮಧ್ಯವಯಸ್ಸು, ಇಳಿವಯಸ್ಸುಗಳ ಕಿವುಡುತನವನ್ನು ಹಾಗೆಯೇ ಬಿಟ್ಟರೆ ಮರೆಗುಳಿತನದ ಅಪಾಯ ಹೆಚ್ಚುತ್ತದೆ ಎಂಬುದನ್ನು ತಜ್ಞರು ಈಗ ಒಪ್ಪುತ್ತಾರೆ. ಕೆಲವರಿಗೆ ಕಿವಿಯ ಗುಗ್ಗೆ ತೆಗೆಸಿದರೆ ಸಾಕಾಗುತ್ತದೆ, ಕೆಲವರಿಗೆ ಶ್ರವಣ ಸಾಧನ ಬೇಕು. ಶ್ರವಣ ಸಾಧನ ಹಾಕಿದ ಮೊದಲ ಕೆಲವು ವಾರ ತಟ್ಟೆಯ ಸದ್ದು, ಫ್ಯಾನಿನ ಸದ್ದು ಎಲ್ಲವೂ ಒಟ್ಟಿಗೆ ನುಗ್ಗಿ ಕಿರಿಕಿರಿಯಾಗುತ್ತದೆ. ಬಹಳ ಜನ ಆಗಲೇ ಅದನ್ನು ಕಪಾಟಿನಲ್ಲಿಡುತ್ತಾರೆ. ಮಿದುಳಿಗೆ ಮತ್ತೆ ಕೇಳಲು ಕಲಿಯುವುದಕ್ಕೆ ಸಮಯ ಬೇಕು. ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ, ಮೊದಲು ಮನೆಯ ಮೌನದಲ್ಲಿ ಒಬ್ಬರೊಡನೆ ಮಾತನಾಡಿ, ಆಮೇಲೆ ಗೋಷ್ಠಿಗೆ ಹೋಗಿ, ಹೋದಾಗ ಮುಂದಿನ ಸಾಲಿನಲ್ಲಿ ಮಾತನಾಡುವವರ ಬಾಯಿ ಕಾಣುವಂತೆ ಕುಳಿತುಕೊಳ್ಳಿ.

ಮುಪ್ಪು ಎಂದರೆ ಬರೀ ಕುಗ್ಗುವ ಕಾಲವೆಂಬುದನ್ನು ಸಂಶೋಧನೆಗಳೂ ಒಪ್ಪುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ದಶಕಗಳಿಂದ ತೋರಿಸುತ್ತ ಬಂದಿರುವಂತೆ, ಮುಂದಿರುವ ಕಾಲ ಕಡಿಮೆಯೆಂದು ತಿಳಿದವರು ಹತ್ತಾರು ಪರಿಚಯಗಳನ್ನು ಬಿಟ್ಟು ಮನಸ್ಸಿಗೆ ಹತ್ತಿರವಾದ ಕೆಲವೇ ಜನರನ್ನು, ಕೆಲವೇ ಕೆಲಸಗಳನ್ನು ಆರಿಸಿಕೊಳ್ಳುತ್ತಾರೆ, ಮತ್ತು ಒಟ್ಟಾರೆಯಾಗಿ ಅವರ ಭಾವನೆಗಳು ಯೌವನದವರಿಗಿಂತ ಹೆಚ್ಚು ನೆಮ್ಮದಿಯಲ್ಲಿರುತ್ತವೆ. ಆರಿಸಿಕೊಳ್ಳುವುದು ಎಂಬ ಮಾತನ್ನು ಗಮನಿಸಿ. ತಾವು ಇನ್ನೂ ಏನನ್ನೂ ಆರಿಸಿಕೊಂಡಿಲ್ಲ, ಒಂದೊಂದನ್ನೇ ಬಿಡುತ್ತಿದ್ದೀರಿ. ಮನೆಯಲ್ಲಿ ಮೊಮ್ಮಗನಿದ್ದಾನೆ, ಇಂಗ್ಲಿಷ್ ಮಾಧ್ಯಮದ ಹುಡುಗನಿರಬಹುದು, ಅಂಥವರಲ್ಲಿ ಅನೇಕರಿಗೆ ಕನ್ನಡದ ಒತ್ತಕ್ಷರ ಎಂದರೆ ಭಯ. ದಿನಕ್ಕೆ ಒಂದು ವಚನವನ್ನು ಅವನು ಗಟ್ಟಿಯಾಗಿ ಓದಲಿ, ತಪ್ಪಿದಲ್ಲಿ ತಾವು ತಿದ್ದಿ. ಅಷ್ಟು ವರ್ಷ ತಿದ್ದಿದ ಕಿವಿಗೆ, ಅದು ಮಂದವಾಗಿದ್ದರೂ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಹತ್ತಿರ ಕುಳಿತರೆ ಇನ್ನೂ ಸಿಕ್ಕೀತು.

ಕೊನೆಯ ದಿನಗಳ ಬಗ್ಗೆ ತಾವು ಕೇಳಿಲ್ಲ, ಆದರೆ ‘ಉಳಿದ ದಿನಗಳು’ ಎಂದು ಬರೆದವರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ‘ಮರಣವೇ ಮಹಾನವಮಿ’ ಎಂದ ಶರಣರ ದಾರಿಯಲ್ಲಿ ನಡೆದವರಿಗೂ ಸಾವಿನ ಭಯಕ್ಕಿಂತ ಹಾಸಿಗೆ ಹಿಡಿಯುವ ಭಯ ದೊಡ್ಡದು. ನಡೆದಾಡುತ್ತಿರುವಾಗಲೇ ಹೋಗಿಬಿಡಬೇಕು ಎಂಬ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಆ ಭಯವನ್ನು ಒಳಗೇ ಇಟ್ಟುಕೊಳ್ಳುವುದಕ್ಕಿಂತ ಬರೆದಿಡುವುದು ಒಳ್ಳೆಯದು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ದೇಹ ಬಿಟ್ಟರು. ತಮ್ಮ ದೇಹವನ್ನು ಏನು ಮಾಡಬೇಕು, ಸ್ಮಾರಕ ಏಕೆ ಬೇಡ ಎಂಬುದನ್ನು ಅವರು 2014ರಲ್ಲೇ ಪತ್ರ ಬರೆದು ಸಹಿ ಹಾಕಿ ಇಟ್ಟಿದ್ದರು. ಮುಂದೆ ಯಾರೂ ವಾದ ಮಾಡುವ ಅಗತ್ಯವೇ ಬೀಳಲಿಲ್ಲ. ಗೃಹಸ್ಥರಿಗೂ ಇಂಥ ಒಂದು ದಾರಿಯಿದೆ. ಮರಳಿ ಚೇತರಿಸಿಕೊಳ್ಳುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರಗಳ ಮೇಲೆ ಜೀವ ಹಿಡಿದಿಡಬೇಕೇ ಬೇಡವೇ ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು; ಈಗ ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಖಿನ್ನತೆಯ ಚಿಕಿತ್ಸೆಯಾಗಿ ಮನಸ್ಸು ತಿಳಿಯಾದ ಮೇಲೆ ಮಾತ್ರ ಈ ಕೆಲಸಕ್ಕೆ ಕೈಹಾಕಿ, ಈಗಲೇ ಬೇಡ. ಆದರೆ ಮಗನೊಡನೆ ಒಮ್ಮೆ ಕುಳಿತು ಮಾತನಾಡಿ. ತಂದೆಯ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯದೆ ತುರ್ತು ನಿಗಾ ಘಟಕದ ಬಾಗಿಲಲ್ಲಿ ಒದ್ದಾಡುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ಇದೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ವೈದ್ಯರನ್ನು ಕಾಣಿ, ಗುರುಗಳ ಮಾತು ಕೇಳಿ, ಆಮೇಲೆ ಒಂದು ಸೋಮವಾರ ಪೂಜೆಗೆ ಪತ್ರೆ ಅಣಿಮಾಡಿ ಇಡುವಂತೆ ಸೊಸೆಯವರನ್ನು ಕೇಳಿ. ಅವರು ಒಪ್ಪದಿರಲಾರರು ಎಂದು ತಮ್ಮ ಪತ್ರದಿಂದಲೇ ತಿಳಿಯುತ್ತದೆ. ತಮ್ಮ ಮನೆಯವರು ಪತ್ರೆಯನ್ನು ಹೇಗೆ ಆಯುತ್ತಿದ್ದರು, ಮೂರು ದಳಗಳೂ ಉಳಿಯುವಂತೆ ತೊಟ್ಟನ್ನು ಎಲ್ಲಿ ಚಿವುಟುತ್ತಿದ್ದರು, ಬಟ್ಟಲಲ್ಲಿ ಯಾವ ಕಡೆಗೆ ಮುಖ ಮಾಡಿ ಇಡುತ್ತಿದ್ದರು ಎಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ಅದನ್ನು ದಿನವೂ ಎದುರಿಗೆ ಕುಳಿತು ನೋಡಿದವರು ತಾವೊಬ್ಬರೇ. ಪಕ್ಕದಲ್ಲಿ ಕುಳಿತು ತಾವೇ ಹೇಳಿಕೊಡಬೇಕಾಗುತ್ತದೆ.